ಮೇಳದಾಗ ಮಾರಿದ್ದು 212 ಸೀರೆ, ಮನಿಗೆ ಬಂದಿದ್ದು ಏನು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಜಮಖಂಡಿ ಬಸ್‌ಸ್ಟ್ಯಾಂಡಿನಾಗ ಇಯರ್‌ಫೋನ್ ಹಾಕ್ಕೊಂಡು ನಿಂತವರಿಗೆ, ಮುಧೋಳ ರೋಡಿನಾಗ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿದ್ದವರಿಗೆ, ಬನಹಟ್ಟಿಯಾಗ ಮಗ್ಗದ ಸಪ್ಪಳದ ನಡುವೆ ವಾಲ್ಯೂಮ್ ಫುಲ್ ಇಟ್ಟು ಕೇಳೋರಿಗೆ, ಎಲ್ಲರಿಗೂ.

ಹೋದ ಸಂಚಿಕೆ ಆದ ಮೇಲೆ ಬೀಳಗಿಯಿಂದ ಒಬ್ಬ ಕೇಳುಗ ವಾಯ್ಸ್ ಮೆಸೇಜ್ ಕಳಿಸಿದ್ದ. "ಅಕ್ಕಾ, ಪೇಪರಿನಾಗ ಬರ್ತೈತಿ, ಆ ಮೇಳದಾಗ ಇಷ್ಟು ಕೋಟಿ ವಹಿವಾಟು, ಈ ಸಮಾವೇಶದಾಗ ಇಷ್ಟು ಲಕ್ಷ ಕೋಟಿ ಹೂಡಿಕೆ ಅಂತ. ಅದ್ರಿಂದ ದೇಶಕ್ಕ ಏನ್ ಬಂತು, ನಮಗ ಏನ್ ಬಂತು, ನೀ ಬಿಕಾಂ ಮಾಡಿಯಲ್ಲ, ಲೆಕ್ಕ ಹೇಳು" ಅಂತ. ಬಿಕಾಂ ಮಾಡಿದ ತಪ್ಪಿಗೆ ಹೇಳಲೇಬೇಕು.

ದೇಶದ ಲೆಕ್ಕಕ್ಕೆ ಹೋಗೋಕಿಂತ ಮೊದಲು ನಮ್ಮ ಮನೆ ಲೆಕ್ಕ ಹೇಳ್ತೀನಿ. ಯಾಕಂದ್ರೆ ಆ ಪುಸ್ತಕ ನಾನೇ ಬರೆದಿದ್ದು, ಅದರಲ್ಲಿ ಯಾರೂ ನನಗೆ ಸುಳ್ಳು ಹೇಳೋಕಾಗಲ್ಲ.

ನಮ್ಮದು ಬನಹಟ್ಟಿಯಲ್ಲಿ ನಾಲ್ಕು ಪವರ್‌ಲೂಮ್. ಕಾಟನ್ ಸೀರೆ. ಅಪ್ಪ ಇಪ್ಪತ್ತು ವರ್ಷದಿಂದ ಒಬ್ಬರೇ ಸಗಟು ವ್ಯಾಪಾರಿಗೆ ಮಾಲು ಹಾಕ್ತಾ ಬಂದಿದ್ದರು. ಎರಡು ವರ್ಷದ ಹಿಂದೆ ಹೊರರಾಜ್ಯದ ಒಂದು ದೊಡ್ಡ ಊರಿನಲ್ಲಿ ಐದು ದಿನದ ವಸ್ತ್ರ ಮೇಳಕ್ಕೆ ಹೋಗೋಣ ಅಂತ ನಾನೇ ಹಟ ಹಿಡಿದೆ. ಸ್ಟಾಲ್ ಬಾಡಿಗೆ 24,000. ಗಾಡಿ 9,000. ಇಬ್ಬರ ಲಾಡ್ಜ್ ಮತ್ತು ಊಟ 11,500. ಬ್ಯಾನರು, ಚೀಲ, ಡಬ್ಬಿ ಸೇರಿ 3,500. ಒಟ್ಟು 48,000 ರೂಪಾಯಿ ಒಂದು ಸೀರೆ ಮಾರೋಕಿಂತ ಮೊದಲೇ ಹೋಯ್ತು.

ಮಾರಿದ್ದು 212 ಸೀರೆ, ಸರಾಸರಿ 700 ರೂಪಾಯಿಯಂತೆ. ಅಂದ್ರೆ 1,48,400. ಕೊನೆ ದಿನ ಅಪ್ಪ ನೋಟು ಎಣಿಸುವಾಗ ಅವರ ಮುಖ ನೋಡಬೇಕಿತ್ತು. ಆದ್ರೆ ಒಂದು ಸೀರೆಗೆ ನೂಲು, ಬಣ್ಣ, ಮಜೂರಿ, ಕರೆಂಟು ಎಲ್ಲ ಸೇರಿ ನಮಗೆ 520 ರೂಪಾಯಿ ಬೀಳ್ತದೆ. ಅದನ್ನ ಕಳೆದ್ರೆ ಉಳಿಯೋದು 38,160. ಖರ್ಚು 48,000. ಹತ್ತು ಸಾವಿರ ರೂಪಾಯಿ ಸುಮಾರು ಲುಕ್ಸಾನು. ಅದೇ 212 ಸೀರೆ ಮನೆಯಲ್ಲೇ ಕೂತು ಸಗಟು ವ್ಯಾಪಾರಿಗೆ 560ರಂತೆ ಹಾಕಿದ್ರೆ 8,480 ರೂಪಾಯಿ ಲಾಭ ಇರ್ತಿತ್ತು. ವಾಪಸ್ ಬರುವಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ.

ಆ ಮೇಳದ ಒಟ್ಟು ವಹಿವಾಟು ಅಂತ ಮರುದಿನ ಸುದ್ದಿ ಬಂತಲ್ಲ, ಅದರೊಳಗೆ ನಮ್ಮ 1,48,400 ಕೂಡ ಇತ್ತು. ಲುಕ್ಸಾನು ಇರಲಿಲ್ಲ.

ಇಲ್ಲಿಂದ ದೇಶದ ಲೆಕ್ಕಕ್ಕೆ ಬರ್ತೀನಿ. ಜಿಡಿಪಿ ಅಂದ್ರೆ ಒಂದು ವರ್ಷದಲ್ಲಿ ದೇಶದೊಳಗೆ ಹೊಸದಾಗಿ ಉತ್ಪಾದನೆ ಆಗಿದ್ದರ ಬೆಲೆ. ಮಾರಾಟ ಆಗಿದ್ದರ ಬೆಲೆ ಅಲ್ಲ. ನಾವು ಮೇಳಕ್ಕೆ ಒಯ್ದ ಸೀರೆ ಮೂರು ನಾಲ್ಕು ತಿಂಗಳ ಹಿಂದೆ ನೇಯ್ದಿದ್ದು. ನೇಯ್ದಾಗಲೇ ಅದು ದಾಸ್ತಾನು ಅಂತ ಲೆಕ್ಕಕ್ಕೆ ಸೇರಿಬಿಟ್ಟಿದೆ. ಮೇಳದಲ್ಲಿ ಮಾರಿದಾಗ ಒಂದು ಕಡೆ ದಾಸ್ತಾನು ಕಡಿಮೆ, ಇನ್ನೊಂದು ಕಡೆ ಜನರ ಖರೀದಿ ಜಾಸ್ತಿ. ಹೊಸದಾಗಿ ಸೇರೋದು ನಾವು ಮಾರಾಟಕ್ಕೆ ಪಟ್ಟ ಶ್ರಮದ ಬೆಲೆ, ಅಂದ್ರೆ ಆ ದರದ ವ್ಯತ್ಯಾಸ, ಮತ್ತೆ ಲಾಡ್ಜಿನವರು, ಗಾಡಿಯವರು, ಶಾಮಿಯಾನದವರು ಮಾಡಿದ ಕೆಲಸದ ಬೆಲೆ. ಅಷ್ಟೇ.

ಇನ್ನೊಂದು ಪ್ರಶ್ನೆ. ನಮ್ಮ ಸ್ಟಾಲಿನಲ್ಲಿ ಸೀರೆ ತಗೊಂಡ ಹೆಣ್ಣುಮಗಳು ಮೇಳ ಇಲ್ಲದಿದ್ರೆ ಸೀರೆ ತಗೋತಿರಲಿಲ್ವಾ? ತಗೋತಿದ್ದಳು, ಅದೇ ಊರಿನ ಯಾವುದೋ ಅಂಗಡಿಯಲ್ಲಿ. ಹಂಗಾದ್ರೆ ಆ ಅಂಗಡಿಯವನ ವ್ಯಾಪಾರ ನಮ್ಮ ಕಡೆ ಸರಿಯಿತು, ದೇಶಕ್ಕೆ ಹೊಸ ವ್ಯಾಪಾರ ಹುಟ್ಟಲಿಲ್ಲ. ನಮ್ಮ ಜಾತ್ರೆಯಲ್ಲೂ ಇದೇ ಕಥೆ. ಬನಹಟ್ಟಿಯ ಕಾಡಸಿದ್ಧೇಶ್ವರ ಜಾತ್ರೆ ಇರಲಿ, ಮಹಾಲಿಂಗಪುರದ ಜಾತ್ರೆ ಇರಲಿ, ದೊಡ್ಡ ತೊಟ್ಟಿಲು ಹಾಕೋರು, ಆಟಿಕೆ ಮಾರೋರು ಬಹಳಷ್ಟು ಜನ ಹೊರಗಿನವರು. ಅವರು ಗಳಿಸಿದ್ದು ಅವರ ಸಂಗಡವೇ ಹೋಗ್ತದೆ. ಊರಲ್ಲಿ ಉಳಿಯೋದು ಖಾನಾವಳಿಯವರ, ಆಟೋದವರ, ಹೂವಿನವರ ಪಾಲು. ಜಾತ್ರೆ ಬೇಡ ಅಂತಿಲ್ಲ ರೀ, ತೊಟ್ಟಿಲು ಹತ್ತೋಕೆ ನಾನೂ ಹೋಗ್ತೀನಿ.

ಹಂಗಾದ್ರೆ ಮೇಳ ಅನ್ನೋದೇ ದಂಡ ಅಂತೀಯಾ ಅಂದ್ರೆ, ಇಲ್ಲ. ನಮ್ಮ ಮನೆ ಕಥೆ ಅರ್ಧಕ್ಕೆ ನಿಂತಿದೆ.

ಆ ಐದು ದಿನದಲ್ಲಿ ಸ್ಟಾಲಿಗೆ ಬಂದ ಹೆಣ್ಣುಮಕ್ಕಳು ಸೀರೆ ಬಿಚ್ಚಿ ನೋಡಿ ಕೇಳಿದ್ದು ಒಂದೇ ಮಾತು: "ಬ್ಲೌಸ್ ಪೀಸ್ ಇಲ್ವಾ?" ನಮ್ಮದು ಐದೂವರೆ ಮೀಟರಿನ ಸೀರೆ. ಬ್ಲೌಸ್ ಸೇರಿಸಿದ್ರೆ 6.3 ಮೀಟರ್ ಆಗಬೇಕು. ಮೊದಲನೇ ದಿನ ನಾನು ಸುಮ್ಮನೆ ಇಲ್ಲ ಅಂದೆ. ಎರಡನೇ ದಿನ ಅಪ್ಪ ಒಂದು ಹಾಳೆ ಮೇಲೆ ಗೆರೆ ಎಳೆಯೋಕೆ ಶುರು ಮಾಡಿದರು, ಕೇಳಿದವರಿಗೊಂದು ಗೆರೆ. ಐದನೇ ದಿನಕ್ಕೆ ಆ ಹಾಳೆ ತುಂಬಿತ್ತು. ಇಪ್ಪತ್ತು ವರ್ಷ ಮಾಲು ತಗೊಂಡ ಸಗಟು ವ್ಯಾಪಾರಿ ಒಂದು ಸಲವೂ ಇದನ್ನ ಹೇಳಿರಲಿಲ್ಲ. ಅವರಿಗೆ ಹೇಳಬೇಕಾದ ಕಾರಣವೂ ಇರಲಿಲ್ಲ, ಬ್ಲೌಸ್ ಇರುವ ಮಾಲು ಅವರಿಗೆ ಬೇರೆ ಕಡೆಯಿಂದ ಬರ್ತಿತ್ತು.

ಊರಿಗೆ ಬಂದು ಉದ್ದ ಬದಲಾಯಿಸಿದೆವು. ಖರ್ಚು ಸೀರೆಗೆ 70 ರೂಪಾಯಿ ಹೆಚ್ಚಾಯ್ತು, ಸಗಟು ದರ 120 ರೂಪಾಯಿ ಹೆಚ್ಚು ಸಿಕ್ಕಿತು. ಸೀರೆಗೆ 40 ರೂಪಾಯಿ ಉಳಿಯೋದು ಈಗ 90 ಆಯ್ತು. ಅಂದ್ರೆ ಆ ಲುಕ್ಸಾನು, ಆ ಹಾಳೆ ಕೊಳ್ಳೋಕೆ ಕೊಟ್ಟ ದುಡ್ಡು ಅಂತ ತಿಳ್ಕೊಂಡ್ರೆ ಅಗ್ಗಕ್ಕೇ ಸಿಕ್ಕಿತು.

ನನ್ನ ಪ್ರಕಾರ ಮೇಳದ ನಿಜವಾದ ಪರಿಣಾಮ ಇದೇ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಹುಡುಕಾಟದ ವೆಚ್ಚ ಅಂತಾರೆ. ಯಾರು ಏನು ಮಾರ್ತಾರೆ, ಯಾರಿಗೆ ಏನು ಬೇಕು ಅಂತ ಹುಡುಕೋದಕ್ಕೇ ದುಡ್ಡು, ಟೈಮು ಹೋಗ್ತದೆ. ಮೇಳ ಅದನ್ನ ಒಂದೇ ಮೈದಾನದಲ್ಲಿ ಐದು ದಿನಕ್ಕೆ ಇಳಿಸ್ತದೆ. ಆದರೆ ಅದರ ಫಲ ಮೇಳದ ಗಲ್ಲಾಪೆಟ್ಟಿಗೆಯಲ್ಲಿ ಕಾಣಲ್ಲ, ಆರು ತಿಂಗಳ ನಂತರ ಇನ್ಯಾರದೋ ಪುಸ್ತಕದಲ್ಲಿ ಕಾಣ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ನಮ್ಮ ಕಡೆಯಿಂದ ಗಾಡಿಗಟ್ಟಲೆ ಜನ ಹೋಗ್ತಾರಲ್ಲ, ನೋಡ್ರಿ. ಮುಧೋಳದ ರೈತ ಅಲ್ಲಿ ಕಬ್ಬು ನಾಟಿ ಮಾಡೋ ಯಂತ್ರ ನೋಡ್ತಾನೆ, ಮುಟ್ಟಿ ನೋಡ್ತಾನೆ, ಮಾರೋನ ಜೊತೆ ಅರ್ಧ ತಾಸು ವಾದ ಮಾಡ್ತಾನೆ, ಖರೀದಿ ಮಾಡಲ್ಲ. ಮುಂದಿನ ಹಂಗಾಮಿಗೆ ಊರಿನ ಡೀಲರ್ ಹತ್ತಿರ ಹೋಗಿ ಬಾಡಿಗೆಗೆ ಸಿಗ್ತದೇನು ಅಂತ ಕೇಳ್ತಾನೆ. ಆ ವ್ಯಾಪಾರ ಧಾರವಾಡದ ಮೇಳದ ಲೆಕ್ಕಕ್ಕೆ ಯಾವತ್ತೂ ಸೇರಲ್ಲ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳದಲ್ಲೂ ಹಂಗೇ, ದಾಳಿಂಬೆ ಸಸಿ ಒಯ್ಯೋದಕ್ಕಿಂತ ರೋಗದ ಬಗ್ಗೆ ಕೇಳೋಕೆ ಬರೋರೇ ಬಹಳ.

ಒಂದು ದೇಶದ ಅರ್ಥವ್ಯವಸ್ಥೆಗೇ ಮೇಳ ತಿರುವು ಕೊಟ್ಟ ಉದಾಹರಣೆ ಬೇಕು ಅಂದ್ರೆ ಜರ್ಮನಿಗೆ ಹೋಗಬೇಕು. 1947, ಯುದ್ಧ ಮುಗಿದು ಎರಡು ವರ್ಷ. ಊರೆಲ್ಲ ಬಾಂಬು ಬಿದ್ದು ಹಾಳಾಗಿವೆ, ಜನರಿಗೆ ಊಟಕ್ಕೆ ರೇಷನ್. ಆಗ ಬ್ರಿಟಿಷರ ಹಿಡಿತದಲ್ಲಿದ್ದ ಹ್ಯಾನೋವರಿನಲ್ಲಿ, ಹಳೇ ಲೋಹದ ಕಾರ್ಖಾನೆಯ ಶೆಡ್ಡುಗಳನ್ನ ಸ್ವಚ್ಛ ಮಾಡಿ ರಫ್ತು ಮೇಳ ಇಟ್ಟರು. ಬಂದವರಿಗೆ ರೇಷನ್ ಚೀಟಿ ಇಲ್ಲದೇ ಮೀನಿನ ಬನ್ನು ಸಿಗ್ತಿತ್ತು, ಅದಕ್ಕೇ ಜನ ಅದನ್ನ ಮೀನು ಬನ್ನಿನ ಮೇಳ ಅಂತಲೇ ಕರೆದರು. ಸುಮಾರು 1,300 ಪ್ರದರ್ಶಕರು, 7 ಲಕ್ಷಕ್ಕೂ ಹೆಚ್ಚು ಜನ, 3 ಕೋಟಿ ಡಾಲರಿಗೂ ಮಿಕ್ಕಿದ ರಫ್ತು ಒಪ್ಪಂದ. ಇಲ್ಲಿ ಮಾತ್ರ ವ್ಯಾಪಾರ ಬರೀ ಸರಿಯಲಿಲ್ಲ, ಹುಟ್ಟಿತು. ಯಾಕಂದ್ರೆ ಕೊಳ್ಳೋರು ಹೊರದೇಶದವರು, ಮತ್ತೆ ಯುದ್ಧ ಆದ ಮೇಲೆ ಜರ್ಮನಿಯ ಯಾವ ಕಾರ್ಖಾನೆ ಉಳಿದಿದೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ಹತ್ತು ವರ್ಷ ಬಿಟ್ಟು, 1957ರಲ್ಲಿ ಚೀನಾ ಕ್ಯಾಂಟನ್ ಮೇಳ ಶುರು ಮಾಡಿತು. ಅಮೆರಿಕದ ನಿರ್ಬಂಧದ ನಡುವೆ ವಿದೇಶಿ ವಿನಿಮಯ ಬರೋ ಬಾಗಿಲು ಅದಾಗಿತ್ತು. ಇವತ್ತಿಗೂ ನಡೀತಿದೆ.

ನಮ್ಮಲ್ಲಿ ದೆಹಲಿಯ ಪ್ರಗತಿ ಮೈದಾನದಲ್ಲಿ 1980ರಿಂದ ಸಾಮಾನ್ಯವಾಗಿ ನವೆಂಬರ್ 14ಕ್ಕೆ ಭಾರತ ಅಂತರರಾಷ್ಟ್ರೀಯ ವ್ಯಾಪಾರ ಮೇಳ ಶುರುವಾಗ್ತದೆ. ಈಗ ಅಲ್ಲೇ ಭಾರತ ಮಂಟಪಂ ಕಟ್ಟಿದ್ದಾರೆ, 2024 ಮತ್ತು 2025ರ ಫೆಬ್ರುವರಿಯಲ್ಲಿ ಭಾರತ್ ಟೆಕ್ಸ್ ಅಂತ ದೊಡ್ಡ ಜವಳಿ ಮೇಳ ಆಯ್ತು. ಅಲ್ಲಿಗೆ ಹೋದ ದೊಡ್ಡ ಕಂಪನಿಗೆ ಲಾಭ ಆಗ್ತದೆ, ಅನುಮಾನ ಇಲ್ಲ. ಬನಹಟ್ಟಿಯ ನಾಲ್ಕು ಮಗ್ಗದವನಿಗೆ ದೆಹಲಿ ದೂರ. ನಮ್ಮೂರಿಗೆ ರೈಲೇ ಇಲ್ಲ. ಬಾಗಲಕೋಟೆ–ಕುಡಚಿ ಮಾರ್ಗ 142 ಕಿಲೋಮೀಟರ್, ಕೆಲಸ ಶುರುವಾದಾಗ ನಾನು ಹೈಸ್ಕೂಲಿಗೂ ಹೋಗಿರಲಿಲ್ಲ, ಈಗ ಮದುವೆ ಯಾವಾಗ ಅಂತ ಮನೆಯಲ್ಲಿ ಕೇಳ್ತಿದ್ದಾರೆ.

ಬೀಳಗಿಯ ಕೇಳುಗನ ಇನ್ನೊಂದು ಪ್ರಶ್ನೆ ಹೂಡಿಕೆದಾರರ ಸಮಾವೇಶದ ಬಗ್ಗೆ ಇತ್ತು. ಬೀಳಗಿಯವ ಅದನ್ನ ಕೇಳಿದ್ದು ಸರಿಯೇ. 2010ರ ಸಮಾವೇಶ ಮತ್ತು 2022ರ ಸಮಾವೇಶ ಎರಡೂ ಆದಾಗ ರಾಜ್ಯದ ಕೈಗಾರಿಕಾ ಸಚಿವರಾಗಿದ್ದವರು ಬೀಳಗಿ ಶಾಸಕರೇ, ಮುರುಗೇಶ ನಿರಾಣಿ. 2022ರದ್ದು ಸುಮಾರು 9.8 ಲಕ್ಷ ಕೋಟಿ, 2025ರ ಫೆಬ್ರುವರಿಯದ್ದು 10.27 ಲಕ್ಷ ಕೋಟಿ. ಸರ್ಕಾರ ಬದಲಾದರೂ ಅಂಕಿ ಬೆಳೀತಾನೇ ಇದೆ. ಆದರೆ ಇವು ಹೂಡಿಕೆ ಅಲ್ಲ, ಹೂಡ್ತೀವಿ ಅನ್ನೋ ಮಾತು. ಮದುವೆ ನಿಶ್ಚಯಕ್ಕೂ ಮದುವೆಗೂ ಇರೋ ವ್ಯತ್ಯಾಸ. ಭೂಮಿ ಸಿಗಬೇಕು, ನೀರು ಸಿಗಬೇಕು, ಬ್ಯಾಂಕು ಸಾಲ ಕೊಡಬೇಕು, ಆಮೇಲೆ ಶೆಡ್ಡು ಏಳಬೇಕು. ಆ ಅಂಕಿಯನ್ನ ನಾನು ತಳ್ಳಿಹಾಕಲ್ಲ. ಆದರೆ ಸಮಾವೇಶದ ದಿನ ಬರೋ ಅಂಕಿಗೆ ಮುಖಪುಟ ಇದ್ರೆ, ಐದು ವರ್ಷ ಆದ ಮೇಲೆ ಯಾವ ತಾಲ್ಲೂಕಿನಲ್ಲಿ ಎಷ್ಟು ಶೆಡ್ಡು ಎದ್ದಿತು ಅನ್ನೋದಕ್ಕೂ ಒಂದು ಮುಖಪುಟ ಬೇಕು. ನಮ್ಮ ಭಾಗದ ದೊಡ್ಡ ಬದಲಾವಣೆಗಳಲ್ಲಿ ಒಂದು ಯಾವ ಸಮಾವೇಶದಿಂದಲೂ ಬಂದಿಲ್ಲ ಅನ್ನೋದನ್ನೂ ನೆನಪಿಡಿ. 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು ಹಾಕಿ, ಮೈಮುರಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ. ಶ್ರಮಬಿಂದು ಸಾಗರ. ಕಬ್ಬಿಗೆ ನೀರು ಬಂತು. ಅಲ್ಲಿ ಸ್ಟಾಲೂ ಇರಲಿಲ್ಲ, ಬ್ಯಾನರೂ ಇರಲಿಲ್ಲ.

ಮೇಳದಲ್ಲಿ ಇನ್ನೊಂದು ಅಪಾಯ ಐತಿ, ಅದನ್ನ ನೇಕಾರರ ಮನೆಯವರು ಕೇಳಿದ ಕೂಡಲೇ ತಲೆ ಆಡಿಸ್ತಾರೆ. ಫೋಟೋ. ನಮ್ಮ ಸ್ಟಾಲಿಗೆ ಬಂದು ಸೆರಗಿನ ಫೋಟೋ ಹೊಡ್ಕೊಂಡು ಹೋದವರಲ್ಲಿ ಎಷ್ಟು ಜನ ಗಿರಾಕಿ, ಎಷ್ಟು ಜನ ಬೇರೆ ಮಗ್ಗದವರು ಅಂತ ಹೇಳೋದು ಕಷ್ಟ. ಇದು ಹೊಸದಲ್ಲ. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ಮಹಾ ಪ್ರದರ್ಶನ ಆಯ್ತು, ಸುಮಾರು 60 ಲಕ್ಷ ಭೇಟಿ, ಭಾರತದ ಬಟ್ಟೆ ನೋಡಿ ಅಲ್ಲಿಯವರು ಬೆರಗಾದರು. ಅದಾಗಿ ಹದಿನೈದು ವರ್ಷಕ್ಕೆ, 1866ರಲ್ಲಿ, ಫೋರ್ಬ್ಸ್ ವಾಟ್ಸನ್ ಅನ್ನೋ ಅಧಿಕಾರಿ ಭಾರತದ ಬಟ್ಟೆಗಳ 700 ತುಂಡುಗಳನ್ನ ಕತ್ತರಿಸಿ 18 ಸಂಪುಟದಲ್ಲಿ ಅಂಟಿಸಿದ. ಅಂಥ 20 ಸೆಟ್ ಮಾಡಿಸಿದ, ಅದರಲ್ಲಿ 13 ಬ್ರಿಟನ್ನಿನಲ್ಲೇ ಉಳಿದವು. ಭಾರತದವರು ಎಂಥ ಬಟ್ಟೆ ಉಡ್ತಾರೆ ಅಂತ ಅಲ್ಲಿನ ಗಿರಣಿಯವರು ನೋಡಿ, ಅಂಥದ್ದೇ ನೇಯ್ದು ನಮಗೇ ಮಾರಲಿ ಅಂತ. ಪ್ರದರ್ಶನದಲ್ಲಿ ಗಿರಾಕಿಯಷ್ಟೇ ಪ್ರತಿಸ್ಪರ್ಧಿಯೂ ಕಲೀತಾನೆ.

ಇದಕ್ಕೆ ಸ್ವಲ್ಪ ರಕ್ಷಣೆ ಅಂದ್ರೆ ಹೆಸರು. ಇಳಕಲ್ ಸೀರೆಗೆ, ಗುಳೇದಗುಡ್ಡ ಖಣಕ್ಕೆ ಜಿಐ ಟ್ಯಾಗ್ ಇದೆ. ಮುಧೋಳ ನಾಯಿಗೆ 2005ರಲ್ಲಿ ಅಂಚೆ ಚೀಟಿಯೇ ಬಂತು, ದೇಶದ ಯಾವ ಮೂಲೆಯಲ್ಲಿ ಹೇಳಿದ್ರೂ ಗೊತ್ತು. ರಬಕವಿ-ಬನಹಟ್ಟಿಯ ಸೀರೆ ಮಹಾರಾಷ್ಟ್ರದ ಪೇಟೆಗೆ ಹೋಗ್ತದೆ, ಅಂಗಡಿಯಲ್ಲಿ ಕೂತ ಮೇಲೆ ಅದು ಎಲ್ಲಿಯದು ಅಂತ ಕೊಂಡವರಿಗೆ ಗೊತ್ತಿರಲ್ಲ. ನಮ್ಮ ಸ್ಟಾಲಿನಲ್ಲಿ ಒಬ್ಬ ಅಜ್ಜಿ "ಬನಹಟ್ಟಿ ಅಂದ್ರೆ ಎಲ್ಲಿ?" ಅಂತ ಕೇಳಿದರು. ಆಮೇಲೆ ತಮ್ಮ ಸೆರಗು ತೋರಿಸಿ "ಇಂಥದ್ದು ಮೂವತ್ತು ವರ್ಷದಿಂದ ಉಡ್ತೀನಿ" ಅಂದರು. ಅಪ್ಪ ಅಂಚು ಮುಟ್ಟಿ ನೋಡಿ, "ಇದು ನಮ್ಮೂರಿಂದೇ" ಅಂದರು.

ಈಗ ಮೇಳದಿಂದ ಬಂದ ಆರ್ಡರ್ ವಿಷಯಕ್ಕೆ ಬರ್ತೀನಿ, ಸ್ಟಾಲ್ ಹಾಕಬೇಕು ಅಂತಿರೋರು ಇದನ್ನ ಸರಿಯಾಗಿ ಕೇಳ್ರಿ. ಮೇಳ ಆಗಿ ಎರಡು ತಿಂಗಳಿಗೆ, ಅಲ್ಲಿ ಕಾರ್ಡ್ ಕೊಟ್ಟು ಹೋಗಿದ್ದ ಒಬ್ಬ ಅಂಗಡಿಯವರು ಫೋನ್ ಮಾಡಿ 600 ಸೀರೆ ಕೇಳಿದರು. ಬ್ಲೌಸ್ ಸಮೇತ, 680ರಂತೆ. ಜಿಎಸ್‌ಟಿ ಬಿಟ್ಟು 4,08,000. ಮೂವತ್ತು ಪರ್ಸೆಂಟ್ ಮುಂಗಡ, 1,22,400 ಬಂತು. ಮಾಲು ಹೋಯ್ತು. ಬಾಕಿ 2,85,600 ಬರಲಿಲ್ಲ. ಒಂದು ತಿಂಗಳು "ಸೀಸನ್ ಇಲ್ಲ", ಎರಡನೇ ತಿಂಗಳು "ಅಕೌಂಟೆಂಟ್ ರಜೆ", ಮೂರನೇ ತಿಂಗಳು ಫೋನೇ ಇಲ್ಲ. ಇತ್ತ ಬಿಲ್ ಹಾಕಿದ ತಪ್ಪಿಗೆ ಜಿಎಸ್‌ಟಿ ಮಾತ್ರ ನಾವು ಟೈಮಿಗೆ ಕಟ್ಟಬೇಕು, ದುಡ್ಡು ಬಂದಿರಲಿ ಬಿಡಲಿ. ನೂಲಿನ ಅಂಗಡಿಯವರು ಕಾಯಲ್ಲ. ಎರಡು ಮಗ್ಗ ಹತ್ತೊಂಬತ್ತು ದಿನ ನಿಂತವು. ಆ ಮಗ್ಗದ ಮೇಲೆ ಕೆಲಸ ಮಾಡೋ ಇಬ್ಬರೂ ಬೇರೆ ಕಡೆ ಹೋದರು, ಒಬ್ಬರು ಇನ್ನೂ ವಾಪಸ್ ಬಂದಿಲ್ಲ.

ಕಾನೂನು ನಮ್ಮ ಪರ ಐತಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಲಿಖಿತ ಒಪ್ಪಂದ ಇದ್ರೆ ಹೆಚ್ಚೆಂದರೆ 45 ದಿನದಲ್ಲಿ, ಒಪ್ಪಂದ ಇಲ್ಲದಿದ್ರೆ 15 ದಿನದಲ್ಲಿ ದುಡ್ಡು ಕೊಡಬೇಕು. ತಡ ಆದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆನ್‌ಲೈನ್‌ನಲ್ಲಿ ಕೂತಲ್ಲೇ ದೂರು ಕೊಡಬಹುದು. ಅದರ ಜೊತೆಗೆ 2023ರ ಹಣಕಾಸು ಕಾಯ್ದೆಯಲ್ಲಿ ಆದಾಯ ತೆರಿಗೆಗೆ ಒಂದು ನಿಯಮ ಸೇರಿಸಿದರು: ಹೀಗೆ ಅವಧಿ ಮೀರಿ ಬಾಕಿ ಉಳಿಸಿಕೊಂಡ ಖರೀದಿಯನ್ನ ಕೊಂಡವರು ಆ ವರ್ಷದ ಖರ್ಚು ಅಂತ ತೋರಿಸೋ ಹಾಗಿಲ್ಲ, ದುಡ್ಡು ಕೊಟ್ಟ ವರ್ಷವೇ ತೋರಿಸಬೇಕು. ಆದರೆ ಇದಕ್ಕೆಲ್ಲ ಉದ್ಯಮ್ ನೋಂದಣಿ ಬೇಕು, ಅದೂ ಮಾಲು ಕಳಿಸೋಕಿಂತ ಮೊದಲೇ ಇರಬೇಕು, ಮತ್ತೆ ಬಿಲ್ಲಿನ ಮೇಲೆ ಆ ನಂಬರ್ ಹಾಕಿ. ಬರೀ ಕೊಂಡು ಮಾರೋ ವ್ಯಾಪಾರಿಗೆ ಈ ರಕ್ಷಣೆ ಇಲ್ಲ, ತಯಾರಿಸೋರಿಗೆ, ಸೇವೆ ಕೊಡೋರಿಗೆ ಇದೆ. ನಮ್ಮದು ಪುಣ್ಯಕ್ಕೆ ನೋಂದಣಿ ಆಗಿತ್ತು. ಮಾರ್ಚಿನಲ್ಲಿ ನಾನು ಆ ಅಂಗಡಿಯವರಿಗೆ ಈ ಎರಡೂ ನಿಯಮ ಬರೆದು ವಾಟ್ಸಾಪ್ ಮಾಡಿದೆ. ಮಾರ್ಚ್ ಕೊನೇ ವಾರ ಒಂದು ಲಕ್ಷ ಬಂತು.

ಇನ್ನೆರಡು ಮಾತು ಬೇಗ ಹೇಳಿಬಿಡ್ತೀನಿ. ಬೇರೆ ರಾಜ್ಯದ ಮೇಳದಲ್ಲಿ ಮಾರೋಕೆ ಜಿಎಸ್‌ಟಿಯಲ್ಲಿ ತಾತ್ಕಾಲಿಕ ನೋಂದಣಿ ಬೇಕು, 90 ದಿನಕ್ಕೆ ಇರ್ತದೆ, ಅಂದಾಜು ತೆರಿಗೆ ಮುಂಗಡ ಕಟ್ಟಬೇಕು, ಮೇಳಕ್ಕೆ ಐದು ದಿನ ಮೊದಲಾದರೂ ಅರ್ಜಿ ಹಾಕಿ. ಕೈಮಗ್ಗದವರಿಗೆ ಮಿತಿಯೊಳಗೆ ವಿನಾಯಿತಿ ಇದೆ, ನಮ್ಮಂಥ ಪವರ್‌ಲೂಮಿಗೆ ಇಲ್ಲ. ಮತ್ತೆ ಸ್ಟಾಲ್ ಬಾಡಿಗೆಯ ದೊಡ್ಡ ಪಾಲು ವಾಪಸ್ ಕೊಡೋ ಯೋಜನೆ ಎಂಎಸ್‌ಎಂಇ ಸಚಿವಾಲಯದಲ್ಲಿ ಐತಿ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಇನ್ನೂ ಹೆಚ್ಚು. ನಾವು ಹೋಗಿ ಬಂದ ಮೇಲೆ ನನಗೆ ಗೊತ್ತಾಯ್ತು. ಬಿಕಾಂ ಅಂತೆ.

ಇಷ್ಟೆಲ್ಲ ಆದ ಮೇಲೆ ನನಗೆ ಅನ್ನಿಸೋದು ಇದು. ಒಬ್ಬೊಬ್ಬ ನೇಕಾರನ್ನ ಖರ್ಚು ಕೊಟ್ಟು ದೂರದ ಮೇಳಕ್ಕೆ ಒಯ್ಯೋ ಬದಲು, ಕೊಳ್ಳೋ ಇಪ್ಪತ್ತು ಮೂವತ್ತು ಅಂಗಡಿಯವರನ್ನ ವರ್ಷಕ್ಕೊಮ್ಮೆ ಬನಹಟ್ಟಿಗೇ ಕರೆಸಲಿ. ಮಗ್ಗ ಇಲ್ಲೇ ಐತಿ, ಅಂಚು ಬದಲಿಸು ಅಂದ್ರೆ ಮರುದಿನ ಸ್ಯಾಂಪಲ್ ತೋರಿಸಬಹುದು. ಲಾಡ್ಜು, ಊಟ, ಗಾಡಿ ಎಲ್ಲದರ ದುಡ್ಡು ಜಮಖಂಡಿ, ರಬಕವಿಯಲ್ಲೇ ಉಳೀತದೆ. ಮಹಾಲಿಂಗಪುರದ ಬೆಲ್ಲದವರೂ ಪಕ್ಕದಲ್ಲಿ ಟೇಬಲ್ ಹಾಕಲಿ. ಎಸಿ ಹಾಲ್ ಇಲ್ಲ ಅಂತೀರಿ, ಹ್ಯಾನೋವರಿನಲ್ಲೂ ಹಳೇ ಶೆಡ್ಡೇ ಇತ್ತು. ನಮ್ಮಲ್ಲಿ ಮೀನು ಬನ್ನಿನ ಬದಲು ರೊಟ್ಟಿ, ಕೆಂಪು ಚಟ್ನಿ.

ಬಾಕಿ 1,85,600 ಇನ್ನೂ ಬಂದಿಲ್ಲ. ಸಮಾಧಾನ್ ಅರ್ಜಿ ಹಾಕಿದ್ದೀವಿ, ಏನಾಯ್ತು ಅಂತ ಮುಂದೆ ಹೇಳ್ತೀನಿ. ನಿನ್ನೆ ರಾತ್ರಿ ಊಟ ಮಾಡುವಾಗ ಅಪ್ಪ ಇನ್ನೊಂದು ಮೇಳದ ಫಾರ್ಮ್ ತಂದು ನನ್ನ ಮುಂದಿಟ್ಟರು. ಅದರ ಜೊತೆ ಗೆರೆ ಎಳೆಯೋಕೆ ಖಾಲಿ ಹಾಳೆಗಳ ಒಂದು ಕಟ್ಟನ್ನೂ ತಂದಿದ್ದರು.

ನಿಮ್ಮ ಮನೆಯಲ್ಲೂ ಇಂಥ ಮೇಳದ ಲೆಕ್ಕ ಇದ್ರೆ ವಾಯ್ಸ್ ಮೆಸೇಜ್ ಕಳಿಸ್ರಿ. ಲಾಭ ಆಗಿದ್ರೂ ಕಳಿಸ್ರಿ, ಮುಚ್ಚಿಡಬ್ಯಾಡ್ರಿ. ಮುಂದಿನ ವಾರ ಕಬ್ಬಿನ ಬಿಲ್ ಬಗ್ಗೆ ಮಾತಾಡೋಣ. ಬರ್ತೀನಿ ರೀ.